ಹಳೆಯ ಡೆಸ್ಕ್‌ಟಾಪಿಗೆ ಹಾಕುವ ಹಣ

ಹತ್ತು ವರ್ಷ ಬಳಸಿದ ಡೆಸ್ಕ್‌ಟಾಪ್ ಕಂಪ್ಯೂಟರು ನಿಧಾನವಾದಾಗ ಬಹಳಷ್ಟು ಕುಟುಂಬಗಳು ಹೊಸದನ್ನು ಕೊಳ್ಳುವ ಲೆಕ್ಕಾಚಾರಕ್ಕೆ ಇಳಿಯುತ್ತವೆಯಾದರೂ, ಪತ್ರ ಬರೆಯುವ, ಲೆಕ್ಕ ಇಡುವ, ಮಕ್ಕಳ ಪಾಠ ನೋಡುವ ಮಟ್ಟದ ಕೆಲಸಗಳಲ್ಲಿ ತಡವಾಗುವುದು ಸಾಮಾನ್ಯವಾಗಿ ಪ್ರೊಸೆಸರಿನಿಂದಲ್ಲ, ಅದಕ್ಕೆ ಮಾಹಿತಿ ಒದಗಿಸುವ ಎರಡು ಭಾಗಗಳಿಂದ. ಮೊದಲನೆಯದು ರ‍್ಯಾಮ್, ಅಂದರೆ ಕೆಲಸ ನಡೆಯುತ್ತಿರುವಷ್ಟು ಹೊತ್ತು ಮಾಹಿತಿಯನ್ನು ಹಿಡಿದಿಟ್ಟು, ವಿದ್ಯುತ್ ನಿಂತೊಡನೆ ಕಳೆದುಕೊಳ್ಳುವ ಸ್ಮೃತಿ. ಎರಡನೆಯದು ಕಡತಗಳನ್ನು ಶಾಶ್ವತವಾಗಿ ಇಟ್ಟುಕೊಳ್ಳುವ ಡಿಸ್ಕ್.

ಯಾವುದಕ್ಕೆ ಮೊದಲು ಖರ್ಚು ಮಾಡಬೇಕೆಂಬುದನ್ನು ಯಂತ್ರವೇ ತೋರಿಸಿಕೊಡುತ್ತದೆ. ಈ ಅಂಕಣಕಾರರ ಮನೆಯಲ್ಲಿರುವ ಡೆಸ್ಕ್‌ಟಾಪ್ ಇಂಟೆಲ್‌ನ ನಾಲ್ಕನೆಯ ತಲೆಮಾರಿನ ಪ್ರೊಸೆಸರ್, ಎಚ್81 ಮದರ್‌ಬೋರ್ಡ್ ಮತ್ತು 4 ಜಿಬಿ ರ‍್ಯಾಮ್ ಇದ್ದಂಥದು. ಅದರಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದಾಗ ಪ್ರೊಸೆಸರಿಗೆ ಹೆಚ್ಚಿನ ಕೆಲಸವೇ ಇಲ್ಲದಿದ್ದರೂ ಡಿಸ್ಕಿನ ಅಂಕಿ ಮಾತ್ರ ಶೇ. 100ರಿಂದ ಕೆಳಗಿಳಿಯುತ್ತಿರಲಿಲ್ಲ. ರ‍್ಯಾಮ್ ತುಂಬಿದಾಗ ವಿಂಡೋಸ್ ಮಿಕ್ಕಿದ್ದನ್ನು ಡಿಸ್ಕಿನಲ್ಲಿ ಪೇಜ್ ಫೈಲ್ ಎಂಬ ಜಾಗಕ್ಕೆ ಸಾಗಿಸುವುದರಿಂದ, ರ‍್ಯಾಮಿನ ಕೊರತೆಯೂ ಕೊನೆಗೆ ಡಿಸ್ಕಿನ ಮೇಲಿನ ಹೊರೆಯಾಗಿಯೇ ಕಾಣಿಸಿಕೊಳ್ಳುತ್ತದೆ. ಹಾರ್ಡ್ ಡಿಸ್ಕಿನಲ್ಲಿ ತಿರುಗುವ ತಟ್ಟೆಯ ಮೇಲೆ ಓದುವ ತಲೆ ಸರಿಯಾದ ಜಾಗಕ್ಕೆ ಬರಲು ಪ್ರತಿ ಸಲವೂ ಸುಮಾರು 10 ಮಿಲಿಸೆಕೆಂಡು ಬೇಕಾದರೆ, ಚಲಿಸುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ಅದರ ನೂರನೇ ಒಂದು ಪಾಲು ಸಾಕು; ಯಂತ್ರ ಶುರುವಾಗುವಾಗ ಸಾವಿರಾರು ಸಣ್ಣ ಕಡತಗಳನ್ನು ಓದಬೇಕಾಗುವುದರಿಂದ ಈ ಅಂತರ ಕಣ್ಣಿಗೆ ಕಾಣುವಷ್ಟಿರುತ್ತದೆ. ಎಚ್81 ಬೋರ್ಡಿನಲ್ಲಿ ಡಿಸ್ಕ್ ಜೋಡಿಸುವ ಸಾಟಾ ಪೋರ್ಟುಗಳಲ್ಲಿ ಪೂರ್ಣ ವೇಗದವು ಎರಡೇ ಇದ್ದು, ಉಳಿದವು ಅದರ ಅರ್ಧ ವೇಗದವಾದ್ದರಿಂದ, ಎಸ್‌ಎಸ್‌ಡಿಯ ಕೇಬಲನ್ನು ಯಾವುದಕ್ಕೆ ಚುಚ್ಚಲಾಗಿದೆ ಎಂಬುದನ್ನು ಗಮನಿಸಬೇಕು.

ಹಣದ ದೃಷ್ಟಿಯಿಂದ ಈ ಎರಡು ಭಾಗಗಳಿಗಿರುವ ಮುಖ್ಯ ವ್ಯತ್ಯಾಸ ವೇಗದ್ದಲ್ಲ, ಆಯುಷ್ಯದ್ದು. ಸಾಟಾ ಎಸ್‌ಎಸ್‌ಡಿಯನ್ನು ನಾಳೆ ಹೊಸ ಡೆಸ್ಕ್‌ಟಾಪಿಗೂ ಜೋಡಿಸಬಹುದು. ಆದರೆ ಇಂಥ ಹಳೆಯ ಯಂತ್ರದಲ್ಲಿರುವ 240 ಪಿನ್‌ಗಳ, 1.5 ವೋಲ್ಟಿನ ಡಿಡಿಆರ್3 ರ‍್ಯಾಮ್ ಅದರ ನಂತರ ಬಂದ 288 ಪಿನ್‌ಗಳ, 1.2 ವೋಲ್ಟಿನ ಡಿಡಿಆರ್4 ಬೋರ್ಡಿಗೆ ಕೂರುವುದೇ ಇಲ್ಲವಾದ್ದರಿಂದ, ಅದಕ್ಕೆ ಹಾಕಿದ ದುಡ್ಡು ಹಳೆಯ ಬೋರ್ಡಿನೊಂದಿಗೇ ಮುಗಿಯುತ್ತದೆ. ಆದ್ದರಿಂದ ಎಸ್‌ಎಸ್‌ಡಿಯನ್ನು ಬಿಲ್ಲು, ವಾರಂಟಿಗಳೊಡನೆ ಹೊಸದಾಗಿಯೇ ಕೊಳ್ಳುವುದು, ರ‍್ಯಾಮನ್ನು ಅಗತ್ಯವಿದ್ದಷ್ಟೇ, ಸಾಧ್ಯವಾದರೆ ಬಳಸಿದ್ದನ್ನೇ ಕೊಳ್ಳುವುದು ಜಾಣತನ. ಎಸ್‌ಎಸ್‌ಡಿಯ ಕೋಶಗಳ ಮೇಲೆ ಎಷ್ಟು ಸಲ ಬರೆಯಬಹುದೆಂಬುದಕ್ಕೆ ಮಿತಿಯಿರುವುದರಿಂದ ಬಳಸಿದ್ದನ್ನು ಕೊಳ್ಳುವುದೆಂದರೆ ಸವೆತವನ್ನೂ ಕೊಂಡಂತೆ. ರ‍್ಯಾಮಿಗೆ ಅಂಥ ಸವೆತವಿಲ್ಲ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ಹೊಸ ರ‍್ಯಾಮಿನ ಬೆಲೆ ತೀವ್ರವಾಗಿ ಏರಿದ್ದು ಈ ಮಾತಿಗೆ ಇನ್ನಷ್ಟು ತೂಕ ಕೊಡುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಗಳಲ್ಲಿ ಬಳಸಿದ ಡಿಡಿಆರ್3 ಸಿಗುತ್ತದೆ; ಆದರೆ ಅಗ್ಗದ 8 ಜಿಬಿ ಮಾಡ್ಯೂಲುಗಳಲ್ಲಿ ಕೆಲವು ಇಂಟೆಲ್‌ನದಲ್ಲದ, ಎಎಮ್‌ಡಿ ಪ್ರೊಸೆಸರಿನ ಬೋರ್ಡುಗಳಲ್ಲಿ ಮಾತ್ರ ನಡೆಯುವಂಥವು. ಅಂಥದೊಂದನ್ನು ಅಂಗಡಿಯವರು ಎಲ್ಲ ಬೋರ್ಡಿಗೂ ಆಗುತ್ತದೆಂದು ಕೊಟ್ಟಾಗ, ಈ ಅಂಕಣಕಾರರ ಯಂತ್ರದಲ್ಲಿ ಫ್ಯಾನ್ ತಿರುಗಿತೇ ಹೊರತು ಪರದೆಯ ಮೇಲೆ ಏನೂ ಮೂಡಲಿಲ್ಲ. ಬದಲಾಯಿಸಿ ಕೊಡುವ ಮಾತನ್ನು ಮೊದಲೇ ಬಿಲ್ಲಿನ ಮೇಲೆ ಬರೆಸಿಕೊಂಡಿದ್ದರಿಂದ, ಹಳೆಯದಕ್ಕೆ ಹೊಂದುವ 4 ಜಿಬಿಯ ಇನ್ನೊಂದು ಮಾಡ್ಯೂಲ್ ದೊರೆಯಿತು. ಒಂದೇ ಅಳತೆಯ ಎರಡು ಮಾಡ್ಯೂಲುಗಳಿದ್ದರೆ ಪ್ರೊಸೆಸರ್ ಎರಡರೊಡನೆಯೂ ಏಕಕಾಲಕ್ಕೆ ವ್ಯವಹರಿಸುತ್ತದೆ. ಇದನ್ನು ಡ್ಯುಯಲ್ ಚಾನೆಲ್ ಎನ್ನುತ್ತಾರೆ. ಆ ಬೋರ್ಡು 16 ಜಿಬಿವರೆಗೆ ಒಪ್ಪುತ್ತದಾದರೂ ಮನೆಬಳಕೆಗೆ 8 ಜಿಬಿ ಸಾಕಾಯಿತು. ಬಳಸಿದ ರ‍್ಯಾಮನ್ನು ಮೆಮ್‌ಟೆಸ್ಟ್86 ತಂತ್ರಾಂಶದಿಂದ ಒಂದು ರಾತ್ರಿ ಪರೀಕ್ಷೆಗೆ ಬಿಟ್ಟು, ದೋಷವಿಲ್ಲವೆಂದು ಖಚಿತವಾದ ಮೇಲೆಯೇ ಮುಖ್ಯ ಕಡತಗಳನ್ನು ಆ ಯಂತ್ರಕ್ಕೆ ಒಪ್ಪಿಸಬೇಕು. ದೋಷವುಳ್ಳ ರ‍್ಯಾಮ್ ಯಾವ ಸೂಚನೆಯನ್ನೂ ಕೊಡದೆ ಕಡತಗಳನ್ನು ಕೆಡಿಸಬಲ್ಲದು.

ಖರ್ಚಿಗೆ ಮಿತಿ ಹಾಕುವುದು ಕಾರ್ಯಾಚರಣ ವ್ಯವಸ್ಥೆ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದು, ವಿಂಡೋಸ್ 11 ಅಧಿಕೃತವಾಗಿ ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಿಂದಿನ ಸಾಮಾನ್ಯ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಬ್ರೌಸರ್, ಪತ್ರ, ಕನ್ನಡ ಟೈಪಿಂಗ್ ಇಷ್ಟೇ ಕೆಲಸವಿರುವವರು ಉಚಿತವಾದ ಲಿನಕ್ಸ್ ಮಿಂಟ್‌ಗೆ ಬದಲಾಗಿ ಅದೇ ಯಂತ್ರವನ್ನು ಮುಂದುವರಿಸಬಹುದು. ಟ್ಯಾಲಿಯಂಥ ವಿಂಡೋಸ್ ತಂತ್ರಾಂಶವನ್ನೇ ನೆಚ್ಚಿಕೊಂಡ ಸಣ್ಣ ವ್ಯಾಪಾರಿಗಳು ಮಾತ್ರ ಎಸ್‌ಎಸ್‌ಡಿಯೊಂದನ್ನು ಕೊಂಡು, ರ‍್ಯಾಮಿಗೆ ಹಾಕಬೇಕಾಗಿದ್ದ ಹಣವನ್ನು ಹೊಸ ಯಂತ್ರಕ್ಕೆಂದು ಎತ್ತಿಡುವುದು ಮೇಲು.