ಅಂಗಡಿಯವರಿಗೆ ಹೋಸ್ಟಿಂಗ್ ಮಾರೋದು ಹೇಗೆ?

ವೆಬ್‌ಸೈಟ್ ಕಟ್ಟೋಕೆ ಬರೋರು ನಮ್ಮ ಕ್ಲಾಸಲ್ಲಿ ಬೆಂಚಿಗೊಬ್ಬರು ಸಿಗ್ತಾರೆ. ಎರಡು ಪ್ರಾಜೆಕ್ಟ್ ಮುಗಿದ ಮೇಲೆ ಎಲ್ಲರಿಗೂ ಹೊಳೆಯೋದು ಒಂದೇ ಐಡಿಯಾ: ಊರಿನ ಅಂಗಡಿ, ವರ್ಕ್‌ಶಾಪ್‌ಗಳಿಗೆ ಸೈಟ್ ಮಾಡಿಕೊಟ್ಟು ಹೋಸ್ಟಿಂಗನ್ನೂ ನಾವೇ ಮಾರೋಣ. ಇದಕ್ಕೆ ಸ್ವಂತ ಸರ್ವರ್ ಬೇಕಿಲ್ಲ. ರಿಸೆಲ್ಲರ್ ಅಕೌಂಟ್ ತಗೊಂಡರೆ ದೊಡ್ಡ ಕಂಪನಿಯಿಂದ ಸಗಟಾಗಿ ಜಾಗ ಕೊಂಡು, ನಮ್ಮ ಹೆಸರಲ್ಲಿ ಚಿಲ್ಲರೆಯಾಗಿ ಮಾರಬಹುದು. ಕೋಡ್ ಬರೆಯೋದನ್ನ ಸಿಲಬಸ್ ಕಲಿಸುತ್ತೆ. ಮಾರೋದು ಸಿಲಬಸ್‌ನಲ್ಲಿಲ್ಲ. ಅದಕ್ಕೇ ಈ ಪಾಠ.

ನಾವು ಮಾರ್ತಿರೋ ಸರಕು ಯಾವುದು?

ಚಿಕ್ಕ ವ್ಯಾಪಾರಗಳು ಕೊಳ್ಳೋದು ಹೆಚ್ಚಾಗಿ ಶೇರ್ಡ್ ಹೋಸ್ಟಿಂಗ್. ಬ್ರೌಸರ್ ಪ್ರತಿ ರಿಕ್ವೆಸ್ಟ್ ಜೊತೆ 'ಹೋಸ್ಟ್' ಅನ್ನೋ ಹೆಡರ್ ಕಳಿಸುತ್ತೆ, ಎಚ್‌ಟಿಟಿಪಿ 1.1ರಲ್ಲಿ ಇದು ಕಡ್ಡಾಯ. ಸರ್ವರ್ ಆ ಹೆಸರು ನೋಡಿ ಯಾವ ಸೈಟ್ ತೋರಿಸಬೇಕು ಅಂತ ತೀರ್ಮಾನಿಸುತ್ತೆ. ಹಾಗಾಗಿ ಒಂದೇ ಐಪಿ ವಿಳಾಸದಲ್ಲಿ ನೂರಾರು ಸೈಟ್‌ಗಳು ಇರಬಹುದು. ಬೆಲೆ ಕಮ್ಮಿ ಆಗೋದು ಇದರಿಂದಲೇ. ಪಿಜಿ ಇದ್ದ ಹಾಗೆ: ಬಾಡಿಗೆ ಕಮ್ಮಿ, ಆದ್ರೆ ಪಕ್ಕದ ರೂಮಿನವನು ಗಂಟೆಗಟ್ಟಲೆ ಸ್ನಾನ ಮಾಡಿದರೆ ನಮ್ಮ ನಲ್ಲಿಯಲ್ಲಿ ನೀರು ಬರಲ್ಲ. 'ಅನ್‌ಲಿಮಿಟೆಡ್' ಅಂತ ಬೋರ್ಡ್ ಹಾಕೋ ಮುಂಚೆ ಇದು ನೆನಪಿರಲಿ.

ಯಾರಿಗೆ ಮಾರೋದು?

ಸಣ್ಣ ಮತ್ತು ಮಧ್ಯಮ ವ್ಯಾಪಾರ ಅನ್ನೋದು ಒಂದೇ ಗುಂಪಲ್ಲ. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರ ಸರ್ಕಾರದ ವ್ಯಾಖ್ಯೆಯಲ್ಲಿ, ವರ್ಷಕ್ಕೆ 10 ಕೋಟಿ ರೂಪಾಯಿವರೆಗೆ ವಹಿವಾಟು ಇರೋದು ಸೂಕ್ಷ್ಮ ಉದ್ಯಮ, 100 ಕೋಟಿವರೆಗೆ ಸಣ್ಣದು, 500 ಕೋಟಿವರೆಗೆ ಮಧ್ಯಮ. ಬಂಡವಾಳ ಹೂಡಿಕೆಗೂ ಬೇರೆ ಮಿತಿ ಇದೆ. ಇಷ್ಟು ಅಂತರ ಇರೋ ಎಲ್ಲರಿಗೂ ಒಂದೇ ಪಾಂಪ್ಲೆಟ್ ಹಂಚಿದರೆ ಕೆಲಸ ಆಗಲ್ಲ. ಮೂರು ಉದಾಹರಣೆ ನೋಡೋಣ.

ಪೀಣ್ಯದ ಒಂದು ಸಿಎನ್‌ಸಿ ಜಾಬ್ ವರ್ಕ್ ಶಾಪ್ ಅಂದ್ಕೊಳ್ಳಿ. ಅವರ ಗಿರಾಕಿಗಳು ಹತ್ತಿಪ್ಪತ್ತು ಕಂಪನಿಗಳ ಪರ್ಚೇಸ್ ವಿಭಾಗದವರು. ಇವರಿಗೆ ಬೇಕಾದ್ದು ಕಂಪನಿ ಹೆಸರಿನ ಇಮೇಲ್, ಮೆಷಿನ್‌ಗಳ ಪಟ್ಟಿ, ಕ್ವಾಲಿಟಿ ಸರ್ಟಿಫಿಕೇಟ್ ಇರೋ ಎರಡು ಪುಟ.

ಸಕಲೇಶಪುರದ ಹೋಂಸ್ಟೇ ಆದ್ರೆ, ಬುಕಿಂಗ್ ಆ್ಯಪ್‌ಗಳಿಗೆ ಪ್ರತಿ ಬುಕಿಂಗ್‌ಗೂ ಕಮಿಷನ್ ಕೊಡ್ತಿರ್ತಾರೆ. ಒಂದು ಸಲ ಬಂದ ಅತಿಥಿ ಮುಂದಿನ ಸಲ ನೇರವಾಗಿ ಬುಕ್ ಮಾಡೋ ಹಾಗೆ ಆದ್ರೆ ಆ ಕಮಿಷನ್ ಉಳಿಯುತ್ತೆ. ಇಲ್ಲಿ ಮಾತಾಡಬೇಕಾದ್ದು ಮೊಬೈಲ್‌ನಲ್ಲಿ ಫೋಟೋ ಬೇಗ ತೆರೆಯೋದರ ಬಗ್ಗೆ.

ಇನ್ನು ಬೀದಿ ಕೊನೆಯ ಕಿರಾಣಿ ಅಂಗಡಿ. ಗಿರಾಕಿಗಳೆಲ್ಲ ಅದೇ ಏರಿಯಾದವರು. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಸೇರಿಸೋದು ಉಚಿತ, ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಕೂಡ ಉಚಿತ. 'ಅಣ್ಣ, ನಿಮಗೆ ಸದ್ಯಕ್ಕೆ ಹೋಸ್ಟಿಂಗ್ ಬೇಡ' ಅಂತ ಹೇಳಿ, ಮ್ಯಾಪ್‌ನಲ್ಲಿ ಸೇರಿಸಿಕೊಟ್ಟು ಬನ್ನಿ. ಆ ಅಣ್ಣ ನಾಲ್ಕು ಜನಕ್ಕೆ ನಿಮ್ಮ ಹೆಸರು ಹೇಳ್ತಾರೆ. ಜಾಹೀರಾತಿಗೆ ದುಡ್ಡು ಇಲ್ಲದ ನಮ್ಮಂಥವರಿಗೆ ಬಾಯಿಂದ ಬಾಯಿಗೆ ಹೋಗೋ ಮಾತೇ ಮಾರ್ಕೆಟಿಂಗ್.

ಏನಂತ ಮಾತಾಡೋದು?

'ಸರ್, 10 ಜಿಬಿ ಎಸ್‌ಎಸ್‌ಡಿ, ಸಿಪ್ಯಾನೆಲ್, ಫ್ರೀ ಎಸ್‌ಎಸ್‌ಎಲ್' ಅಂತ ಶುರು ಮಾಡಿದರೆ, 'ಅಲ್ಲಪ್ಪಾ, ನಮ್ಗೆ ಫೇಸ್‌ಬುಕ್ ಪೇಜ್ ಇದೆಯಲ್ಲ, ಇದ್ಯಾಕೆ?' ಅನ್ನೋ ಪ್ರಶ್ನೆ ಬಂದೇ ಬರುತ್ತೆ. ನ್ಯಾಯವಾದ ಪ್ರಶ್ನೆ. ಉತ್ತರ ಅವರ ವ್ಯಾಪಾರದ ಭಾಷೆಯಲ್ಲೇ ಇರಬೇಕು: 'ಕೊಟೇಶನ್ ನಿಮ್ಮ ಕಂಪನಿ ಹೆಸರಿನ ಇಮೇಲ್‌ನಿಂದ ಹೋಗುತ್ತೆ ಸರ್. ನಾಳೆ ಮ್ಯಾನೇಜರ್ ಕೆಲಸ ಬಿಟ್ಟರೂ ಆ ಇಮೇಲ್ ನಿಮ್ಮ ಹತ್ರಾನೇ ಉಳಿಯುತ್ತೆ.'

ಹೀಗೆ ಹೇಳಿದ ಮೇಲೆ ಅದನ್ನ ಸರಿಯಾಗಿ ಮಾಡಿಕೊಡಬೇಕು. ಜಿಮೇಲ್‌ಗೆ ಮೇಲ್ ಕಳಿಸೋ ಡೊಮೇನ್‌ಗಳಿಗೆ 2024ರ ಫೆಬ್ರವರಿಯಿಂದ ಎಸ್‌ಪಿಎಫ್ ಅಥವಾ ಡಿಕಿಮ್ ಕಡ್ಡಾಯ. ಡಿಎನ್‌ಎಸ್‌ನಲ್ಲಿ ಆ ದಾಖಲೆ ಹಾಕದಿದ್ದರೆ ಕೊಟೇಶನ್ ಸ್ಪ್ಯಾಮ್‌ಗೆ ಹೋಗಬಹುದು, ಇಲ್ಲವೇ ತಲುಪದೇ ಇರಬಹುದು. ಎಸ್‌ಎಸ್‌ಎಲ್ ವಿಷಯವೂ ಅಷ್ಟೇ. ಲೆಟ್ಸ್ ಎನ್‌ಕ್ರಿಪ್ಟ್ 2015ರಿಂದ ಉಚಿತವಾಗಿ ಕೊಡೋ ಸರ್ಟಿಫಿಕೇಟ್ ಇಂಥ ಸೈಟ್‌ಗಳಿಗೆ ಸಾಕು. ಅದನ್ನೇ ಹಾಕಿ ಸಾವಿರಾರು ರೂಪಾಯಿ ಬಿಲ್ ಮಾಡಬಾರದು.

99.9 ಅಂದ್ರೆ ಎಷ್ಟು?

'ಶೇ. 99 ಅಪ್‌ಟೈಮ್' ಕೇಳೋಕೆ ಡಿಸ್ಟಿಂಕ್ಷನ್ ತರ ಇದೆ. ಲೆಕ್ಕ ಹಾಕಿ: 30 ದಿನದ ತಿಂಗಳಲ್ಲಿ 720 ಗಂಟೆ, ಅದರ ಶೇ. 1 ಅಂದ್ರೆ 7 ಗಂಟೆ 12 ನಿಮಿಷ ಸೈಟ್ ಬಂದ್! ಶೇ. 99.9 ಆದ್ರೆ ಸುಮಾರು 43 ನಿಮಿಷ. ಗಿರಾಕಿಗೆ ಶೇಕಡಾವಾರು ಹೇಳಬೇಡಿ, ನಿಮಿಷದಲ್ಲಿ ಹೇಳಿ. ಮೇಲಿನ ಕಂಪನಿ ನಮಗೆ ಕೊಟ್ಟಿರೋ ಭರವಸೆಗಿಂತ ದೊಡ್ಡ ಭರವಸೆ ನಾವು ಕೊಡೋ ಹಾಗಿಲ್ಲ ಅನ್ನೋದೂ ಗೊತ್ತಿರಲಿ.

ಬೆಲೆಯ ಪಾಠ

ಈ ಧಂದೆಯಲ್ಲಿ ಮೊದಲ ಬೆಲೆ ಬೇರೆ, ರಿನ್ಯೂವಲ್ ಬೆಲೆ ಬೇರೆ. ಒಂದು ಕಾಲ್ಪನಿಕ ಲೆಕ್ಕ: ತಿಂಗಳಿಗೆ 99 ರೂಪಾಯಿ ಅಂತ ಜಾಹೀರಾತು, ಆದ್ರೆ 3 ವರ್ಷದ್ದು ಒಟ್ಟಿಗೆ ಕಟ್ಟಬೇಕು. 36 ತಿಂಗಳಿಗೆ 3,564. ಶೇ. 18 ಜಿಎಸ್‌ಟಿ ಸೇರಿ ಸುಮಾರು 4,206. ರಿನ್ಯೂವಲ್ ದರ 299 ಆದ್ರೆ, ಅದೇ ಅವಧಿಗೆ ತೆರಿಗೆ ಸೇರಿ ಸುಮಾರು 12,702. ಮೂರು ಪಟ್ಟು!

ಮಾರೋರ ಕಡೆಯಿಂದ ನೋಡಿದರೆ ಕಾರಣ ಅರ್ಥ ಆಗುತ್ತೆ. ಒಬ್ಬ ಗಿರಾಕಿಯನ್ನ ಹಿಡಿಯೋಕೆ 2,000 ರೂಪಾಯಿ ಖರ್ಚಾಗಿ, ಅವರಿಂದ ವರ್ಷಕ್ಕೆ 1,200 ಬಂದರೆ, ಮೊದಲ ವರ್ಷ ನಷ್ಟವೇ. ಎರಡನೇ ವರ್ಷ ಅವರು ಉಳಿದರೆ ಮಾತ್ರ ಲಾಭ. ಹಾಗಾದ್ರೆ ರಿನ್ಯೂವಲ್ ದಿನ ಬಿಲ್ ನೋಡಿ ಗಿರಾಕಿ ಬೆಚ್ಚಿಬಿದ್ದರೆ ನಷ್ಟ ಯಾರಿಗೆ? ಎರಡೂ ಬೆಲೆಯನ್ನ ಮೊದಲ ದಿನವೇ ಒಂದೇ ಹಾಳೆಯಲ್ಲಿ ಬರೆದುಕೊಡಿ.

ಡೊಮೇನ್ ಯಾರ ಹೆಸರಲ್ಲಿ?

ಈ ಪಾಠದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳೋದಾದ್ರೆ ಇದನ್ನ ಇಟ್ಟುಕೊಳ್ಳಿ. ಆತುರದಲ್ಲಿ ನಮ್ಮ ಇಮೇಲ್, ನಮ್ಮ ಫೋನ್ ನಂಬರ್ ಹಾಕಿ ಡೊಮೇನ್ ರಿಜಿಸ್ಟರ್ ಮಾಡೋದು ಸುಲಭ. ಮೂರು ವರ್ಷದಲ್ಲಿ ನಾವು ಕಾಲೇಜು ಬಿಟ್ಟಿರ್ತೀವಿ, ಕೆಲಸ ಸಿಕ್ಕ ಊರಲ್ಲಿರ್ತೀವಿ, ಹಳೇ ಇಮೇಲ್ ತೆರೆಯಲ್ಲ. ರಿಜಿಸ್ಟ್ರಾರ್ ಕಳಿಸೋ ಎಚ್ಚರಿಕೆ ಪತ್ರಗಳು ಅಲ್ಲೇ ಕೊಳೀತಿರುತ್ತೆ. ಡಾಟ್ ಕಾಮ್ ಆದ್ರೆ ಅವಧಿ ಮುಗಿದ ಮೇಲೆ ಸ್ವಲ್ಪ ದಿನ ಮಾಮೂಲಿ ದರಕ್ಕೆ ಉಳಿಸಿಕೊಳ್ಳಬಹುದು. ಡಿಲೀಟ್ ಆದ ಮೇಲೂ 30 ದಿನ ಹೆಚ್ಚು ಶುಲ್ಕ ಕಟ್ಟಿ ವಾಪಸ್ ತಗೋಬಹುದು. ಆಮೇಲೆ 5 ದಿನ ಕಳೆದರೆ ಅದು ಯಾರು ಬೇಕಾದರೂ ಕೊಳ್ಳಬಹುದಾದ ಹೆಸರು.

ವಿಸಿಟಿಂಗ್ ಕಾರ್ಡ್, ಬಿಲ್ ಪುಸ್ತಕ, ಟೆಂಪೋ ಮೇಲೆಲ್ಲ ಬರೆಸಿರೋ ಆ ಹೆಸರಿನ ಜೊತೆ ಇಮೇಲ್‌ಗಳೂ ಹೋಗುತ್ತೆ. ವರ್ಷಗಟ್ಟಲೆ ದುಡಿದು ಕಟ್ಟಿದ ವ್ಯಾಪಾರ ಅದು. ನಮಗೆ ಸೈಡ್ ಪ್ರಾಜೆಕ್ಟ್, ಅವರಿಗೆ ಅನ್ನ.

ಹಾಗಾಗಿ ಕೆಲಸ ಒಪ್ಪಿಸೋ ದಿನ ಇಷ್ಟನ್ನ ಮಾಲೀಕರ ಕೈಗೆ ಕೊಡಿ:

1. ಅವರದೇ ಹೆಸರು, ಇಮೇಲ್, ಫೋನ್ ಇರೋ ಡೊಮೇನ್ ಅಕೌಂಟ್‌ನ ಲಾಗಿನ್.
2. ಡೊಮೇನ್, ಹೋಸ್ಟಿಂಗ್ ಎರಡರದ್ದೂ ಮುಗಿಯೋ ತಾರೀಖು ಮತ್ತು ರಿನ್ಯೂವಲ್ ಬೆಲೆ.
3. ಸೈಟ್‌ನ ಪೂರ್ತಿ ಬ್ಯಾಕಪ್ ಇರೋ ಪೆನ್‌ಡ್ರೈವ್.
4. ನಮ್ಮನ್ನ ಬಿಟ್ಟು ಬೇರೆ ಕಂಪನಿಗೆ ಹೋಗೋದು ಹೇಗೆ ಅನ್ನೋ ಅರ್ಧ ಪುಟದ ವಿವರ, ಕನ್ನಡದಲ್ಲಿ.

ನಾಲ್ಕನೆಯದನ್ನ ಕೊಟ್ಟರೆ ಗಿರಾಕಿ ಓಡಿಹೋಗ್ತಾರೆ ಅನ್ನೋ ಭಯ ಸಹಜ. ಆದ್ರೆ ಬಾಗಿಲು ತೆರೆದಿಟ್ಟ ಅಂಗಡಿಗೇ ಜನ ಮತ್ತೆ ಬರೋದು. ಈ ಸೆಮಿಸ್ಟರ್ ರಜೆಯಲ್ಲಿ ನಿಮ್ಮೂರಲ್ಲಿ ಯಾರಿಗಾದರೂ ಸೈಟ್ ಮಾಡಿಕೊಡೋದಾದ್ರೆ, ಕೋಡ್ ಶುರು ಮಾಡೋ ಮುಂಚೆ ಈ ನಾಲ್ಕು ಸಾಲಿನ ಹಾಳೆ ಬರೆದಿಟ್ಟುಕೊಳ್ಳಿ.