ಗೀರು ಅಂಗಡಿಯವರದು, ಬಿಲ್ ಮಾತ್ರ ನಮ್ಮದೇಕೆ?

ಈ ಸಲ ನಾನು ಇನ್ಶೂರೆನ್ಸ್ ಕ್ಲೇಮ್ ಮಾಡಲಿಲ್ಲ. 14,000 ರೂಪಾಯಿ ಕೈಯಿಂದಲೇ ಹಾಕಿ ಒಂದು ಅಲಾಯ್ ವೀಲ್ ತಂದೆ. ಆಮೇಲೆ ಆ ದುಡ್ಡನ್ನು ವೀಲ್ ಹಾಳು ಮಾಡಿದ ಟೈರ್ ಅಂಗಡಿಯವರ ಹತ್ತಿರವೇ ಕೇಳಿದೆ. ‘ಇಷ್ಟಕ್ಕೆಲ್ಲ ಯಾಕೆ ಜಗಳ, ಪಾಲಿಸಿ ಇದೆಯಲ್ಲ’ ಎಂದವರೇ ಹೆಚ್ಚು. ಅವರಿಗೆ ನನ್ನ ಉತ್ತರ ಇದು, ಲೆಕ್ಕ ಸಮೇತ.

ಕಾರಿನ ಜೊತೆ ಬಂದ ಸ್ಟೀಲ್ ರಿಮ್ ತೆಗೆಸಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಆರಿಸಿ ತಂದ ಡೈಮಂಡ್ ಕಟ್ ವೀಲ್‌ಗಳವು. ಟೈರ್ ಸವೆದಿದ್ದರಿಂದ ಮನೆ ಹತ್ತಿರದ ಅಂಗಡಿಗೆ ಒಯ್ದೆ. ಲೋ ಪ್ರೊಫೈಲ್ ಟೈರಿನ ಪಕ್ಕೆ ಬಿರುಸು, ಸುಲಭಕ್ಕೆ ರಿಮ್ ಬಿಟ್ಟು ಏಳುವುದಿಲ್ಲ. ಅದಕ್ಕೆಂದೇ ಚೇಂಜರ್ ಮೆಷಿನ್ನಿನ ತಲೆಗೆ ಪ್ಲಾಸ್ಟಿಕ್ ಇನ್ಸರ್ಟ್, ಲಿವರ್‌ಗೆ ಕವರ್, ಟೈರಿನ ಒಳ ಅಂಚಿಗೆ (ಬೀಡ್) ಸವರಲು ಪೇಸ್ಟ್ ಇರುತ್ತವೆ. ಅಲ್ಲಿನ ಹುಡುಗನ ಕೈಯಲ್ಲಿದ್ದದ್ದು ಬರೀ ಕಬ್ಬಿಣದ ಲಿವರ್. ಮೀಟುವಾಗ ಅದು ಜಾರಿ ರಿಮ್ಮಿನ ಅಂಚನ್ನು ಕೆರೆದುಕೊಂಡು ಹೋಯಿತು. ಅಲ್ಯೂಮಿನಿಯಂ ಸಿಪ್ಪೆ ಸುರುಳಿಯಾಗಿ ನೆಲಕ್ಕೆ ಬಿತ್ತು. ಗೀರಿನ ಮೇಲೆ ಬೆರಳಾಡಿಸಿದರೆ ಉಗುರು ಸಿಕ್ಕಿಕೊಳ್ಳುತ್ತಿತ್ತು.

‘ಪಾಲಿಷ್ ಹೊಡೆದ್ರೆ ಹೋಗತ್ತೆ ಸಾರ್, ಅಲೈನ್‌ಮೆಂಟ್ ಫ್ರೀ ಮಾಡ್ಕೊಡ್ತೀನಿ’ ಎಂದರು ಮಾಲೀಕರು. ಅದು ಹೋಗುವಂಥದ್ದಲ್ಲ. ಡೈಮಂಡ್ ಕಟ್ ಮುಖದ ಲ್ಯಾಕರ್ ಒಡೆದರೆ ಅದರಡಿ ನೀರಿಳಿದು ಬಿಳಿ ತುಕ್ಕು ಹಬ್ಬುತ್ತದೆ. ಲೇತ್‌ಗೆ ಹಾಕಿ ಮತ್ತೆ ಕಟ್ ಮಾಡಿಸಬಹುದು ನಿಜ, ಆದರೆ ಪ್ರತಿ ಸಲವೂ ಲೋಹ ತೆಳುವಾಗುತ್ತದೆ. ಈ ಗೀರು ಅದಕ್ಕೂ ಮೀರಿ ಆಳಕ್ಕಿಳಿದಿತ್ತು.

ಈಗ ಪಾಲಿಸಿ ಲೆಕ್ಕ. ನನ್ನ ಓನ್ ಡ್ಯಾಮೇಜ್ ಪ್ರೀಮಿಯಂ, ಎನ್‌ಸಿಬಿ (ಕ್ಲೇಮ್ ಮಾಡದಿದ್ದಕ್ಕೆ ಸಿಗುವ ‘ನೋ ಕ್ಲೇಮ್ ಬೋನಸ್’ ರಿಯಾಯಿತಿ) ಕಳೆಯುವ ಮೊದಲು, 16,000 ರೂಪಾಯಿ. ಈಗಿನ ಎನ್‌ಸಿಬಿ ಶೇ 45, ಮುಂದಿನ ರಿನೀವಲ್‌ಗೆ ಶೇ 50. ಕ್ಲೇಮ್ ಮಾಡಿದರೆ ಅದು ಸೊನ್ನೆಗಿಳಿದು 20, 25, 35, 45 ಎಂದು ಮತ್ತೆ ಮೊದಲಿನಿಂದ ಹತ್ತಬೇಕು. ಪ್ರೀಮಿಯಂ ಇಷ್ಟೇ ಇರುತ್ತದೆ ಎಂದಿಟ್ಟುಕೊಳ್ಳಿ. ಮೊದಲ ವರ್ಷ 8,000 ರಿಯಾಯಿತಿ ಪೂರ್ತಿ ಹೋಯಿತು. ಎರಡನೇ ವರ್ಷ 8,000 ಸಿಗುವಲ್ಲಿ 3,200 ಸಿಕ್ಕಿತು, ಖೋತಾ 4,800. ಮೂರನೇ ವರ್ಷ 4,000, ನಾಲ್ಕನೆಯದರಲ್ಲಿ 2,400, ಐದನೆಯದರಲ್ಲಿ 800. ಒಟ್ಟು ಕೂಡಿಸಿ: 20,000. ಇದರ ಮೇಲೆ ಕಡ್ಡಾಯ ಡಿಡಕ್ಟಿಬಲ್ 1,000. ಅಂದರೆ 14,000ದ ವೀಲ್‌ಗೆ 21,000 ತೆತ್ತಂತೆ. ಹೊರಗೆ ಕೊಂಡ ವೀಲ್‌ಗಳನ್ನು ಪಾಲಿಸಿಯಲ್ಲಿ ಅಕ್ಸೆಸರಿ ಎಂದು ಸೇರಿಸಿರದಿದ್ದರೆ ಆ ಕ್ಲೇಮೂ ನಿಲ್ಲುವುದಿಲ್ಲ.

ಕೌಂಟರ್‌ನಲ್ಲಿ ‘ಟೈರ್ ಆ್ಯಂಡ್ ರಿಮ್ ಪ್ರೊಟೆಕ್ಷನ್’ ಪ್ಲಾನ್ ಒಂದನ್ನೂ ನನ್ನ ಮುಂದಿಟ್ಟರು. ಷರತ್ತುಗಳನ್ನು ಅಲ್ಲೇ ನಿಂತು ಓದಿದೆ. ರಸ್ತೆ ಗುಂಡಿಗೆ ಬಿದ್ದು ರಿಮ್ ಬಗ್ಗಿದರೆ ಕವರ್ ಇದೆ. ಗೀರಿಗೆ ಇಲ್ಲ. ಫಿಟ್ಟಿಂಗ್ ಮಾಡುವಾಗ ಆದ ಹಾನಿಗೂ ಇಲ್ಲ. ಅಂಗಡಿಯವರ ಕೈಯಲ್ಲಿ ಆಗಬಹುದಾದ ಹಾನಿಯೊಂದನ್ನೇ ಹೊರಗಿಟ್ಟು, ಅದೇ ಅಂಗಡಿಯಲ್ಲಿ ಮಾರುವ ರಕ್ಷಣೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನಿಜವಾದ ರಕ್ಷಣೆ ಪುಕ್ಕಟೆಯಾಗಿ ಕಾನೂನಿನಲ್ಲೇ ಇದೆ. 1872ರ ಕರಾರು ಕಾಯ್ದೆಯ 151ನೇ ಸೆಕ್ಷನ್ ಪ್ರಕಾರ, ಇನ್ನೊಬ್ಬರ ವಸ್ತುವನ್ನು ಕೆಲಸಕ್ಕೆಂದು ವಶಕ್ಕೆ ಪಡೆದವರು ತಮ್ಮದೇ ವಸ್ತುವಿಗೆ ವಿವೇಕವಂತರು ತೋರುವಷ್ಟು ಜಾಗ್ರತೆ ತೋರಬೇಕು. ಗೋಡೆಯ ಮೇಲೆ ‘ಓನರ್ಸ್ ರಿಸ್ಕ್’ ಬೋರ್ಡ್ ಹಾಕಿದರೆ ಮುಗಿಯಿತೆ? ಹೋಟೆಲ್ಲಿನ ವ್ಯಾಲೆ ಪಾರ್ಕಿಂಗ್‌ಗೆ ಕೊಟ್ಟ ಕಾರು ಕಳುವಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದ್ದು ಸ್ಪಷ್ಟವಾಗಿದೆ: ತಮ್ಮ ನಿರ್ಲಕ್ಷ್ಯ ಇರಲಿಲ್ಲವೆಂದು ವಶಕ್ಕೆ ಪಡೆದವರೇ ಮೊದಲು ತೋರಿಸಬೇಕು, ಬೋರ್ಡಿನ ಹಿಂದೆ ಅಡಗುವಂತಿಲ್ಲ. ಟೈರ್ ಅಂಗಡಿಗೂ ಇದೇ ತರ್ಕ ಸಲ್ಲುತ್ತದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಡಿ ಇದು ಸೇವಾ ನ್ಯೂನತೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಗಡುವು ಎರಡು ವರ್ಷ. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿ 1915 ಇದೆ.

ನಾನು ಆಯೋಗದವರೆಗೆ ಹೋಗಬೇಕಾಗಲಿಲ್ಲ. ಫೋಟೊ, ಜಾಬ್ ಕಾರ್ಡ್, ವೀಲ್ ಕೊಂಡ ಬಿಲ್ಲಿನ ಪ್ರತಿ ಲಗತ್ತಿಸಿ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಹಾಕಿದೆ. ಮಾಲೀಕರು 9,000 ಕೊಟ್ಟರು. ವೀಲ್ ಹೊಸದಾಗಿರಲಿಲ್ಲ ಎಂಬ ಅವರ ಮಾತಿನಲ್ಲಿ ಹುರುಳಿತ್ತು, ಒಪ್ಪಿಕೊಂಡೆ. ನನಗೆ ಬಿದ್ದದ್ದು 5,000.

ಆ 9,000 ತಂದುಕೊಟ್ಟದ್ದು ನನ್ನ ವಾದವಲ್ಲ, ಕೀ ಕೊಡುವ ಮೊದಲೇ ತೆಗೆದಿದ್ದ ಫೋಟೊಗಳು. ನಾಲ್ಕೂ ವೀಲ್‌ಗಳ ಅಂಚನ್ನು ಹತ್ತಿರದಿಂದ ತೆಗೆಯಿರಿ, ನಂಬರ್ ಪ್ಲೇಟ್ ಕಾಣುವಂತೆ ಇನ್ನೊಂದು ತೆಗೆಯಿರಿ. ಜಾಬ್ ಕಾರ್ಡ್‌ನಲ್ಲಿ ವೀಲ್‌ಗಳ ಸ್ಥಿತಿ ಬರೆಸಿ. ಹಳೆಯ ಗೀರಿದ್ದರೆ ಅದನ್ನೂ ಬರೆಸಿ, ಅಂಗಡಿಯವರಿಗೂ ನ್ಯಾಯ ಸಿಗಬೇಕು. ಲಿವರ್‌ಗೆ ಕವರ್ ಇದೆಯೇ, ನಟ್‌ಗಳನ್ನು ಕೊನೆಯಲ್ಲಿ ಟಾರ್ಕ್ ರೆಂಚ್‌ನಿಂದ ಬಿಗಿ ಮಾಡುತ್ತಾರೆಯೇ ಎಂದು ವಿಚಾರಿಸಿ. ಹಣ ಕೊಡುವ ಮುಂಚೆ ಸುತ್ತ ಒಂದು ಸಲ ನೋಡಿ. ಹಾನಿ ಕಂಡರೆ ಬಿಲ್ಲಿನ ಮೇಲೇ ಬರೆದು ಸಹಿ ಹಾಕಿಸಿಕೊಳ್ಳಿ. ಮನೆಗೆ ಬಂದ ಮೇಲೆ ಮಾಡುವ ಫೋನಿಗೆ ಬೆಲೆ ಕಡಿಮೆ.

ಟೈರ್ ಬೆಲೆಯಲ್ಲಿ 200 ರೂಪಾಯಿ ಇಳಿಸಲು ಎಷ್ಟು ಚೌಕಾಸಿ ಮಾಡುತ್ತೇವೆ! ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ವೀಲ್‌ಗೆ ಏಟಾದರೆ ದುಡ್ಡು ಕೊಡುವವರು ಯಾರು? ನೇರ ಉತ್ತರ ಸಿಗದಿದ್ದರೆ ಪಕ್ಕದ ಅಂಗಡಿಗೆ ಹೋಗಿ, ಅಲ್ಲಿ ಟೈರಿಗೆ ಸ್ವಲ್ಪ ಹೆಚ್ಚು ಕೊಡಬೇಕಾಗಿ ಬಂದರೂ ಸರಿ.