ನೀಲಿ ಕೊಂಡಿ, ನೇರಳೆ ಕೊಂಡಿ



ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಎರಡು ಕಂಪ್ಯೂಟರ್‌ಗಳಿವೆ. ಹಳೆಯದರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಇದೆ, ಹೊಸದರಲ್ಲಿ ಫೈರ್‌ಫಾಕ್ಸ್ ಇದೆ. ಪುಟಗಳನ್ನು ತೆರೆದು ತೋರಿಸುವ ಇವಕ್ಕೆ ಬ್ರೌಸರ್ ಎನ್ನುತ್ತಾರೆ. ವಿಜ್ಞಾನದ ಮೇಷ್ಟ್ರು ಪಾಠಗಳ ಪಟ್ಟಿ ಇರುವ ಒಂದು ಪುಟ ಮಾಡಿ ಎರಡಕ್ಕೂ ಹಾಕಿದ್ದಾರೆ. ಪಾಠದ ಹೆಸರು ಒತ್ತಿದರೆ ಪಾಠ ತೆರೆಯುತ್ತೆ. ಹೀಗೆ ಒತ್ತುವ ಪದವೇ ಕೊಂಡಿ, ಅಂದರೆ ಲಿಂಕ್.

ಪುಟ ಒಂದೇ, ಆದರೆ ಎರಡು ಕಡೆ ಎರಡು ಥರ! ಹೊಸದರಲ್ಲಿ ಕೊಂಡಿಯ ಕೆಳಗೆ ಗೆರೆ ಇತ್ತು, ಹಳೆಯದರಲ್ಲಿ ಇರಲಿಲ್ಲ. ಒಂದರಲ್ಲಿ ನೇರಳೆಯಾದ ಪಾಠ ಇನ್ನೊಂದರಲ್ಲಿ ನೀಲಿಯಾಗಿತ್ತು. ದಸರಾ ರಜೆ ಮುಗಿಸಿ ಸುಮಾರು ದಿನ ಬಿಟ್ಟು ಹಳೆಯದನ್ನು ತೆರೆದರೆ ನೇರಳೆಯೆಲ್ಲ ಮತ್ತೆ ನೀಲಿ! "ವೈರಸ್ ಬಂದೈತೆ ಸಾರ್" ಅಂದೆ. ಎಲ್ಲರೂ ನಕ್ಕರು.

ನನ್ನ ಪಕ್ಕ ಕೂರುವ ಗೆಳೆಯ ಮಾತ್ರ ನಗಲಿಲ್ಲ. "ನೇರಳೆ ಎಲ್ಲೈತೆ? ಎಲ್ಲಾ ನೀಲೀನೇ ಅಲ್ವಾ?" ಅಂದ. ಅವನು ದಿನಾ ನೋಡಿದ ಪಾಠವನ್ನೇ ಮತ್ತೆ ತೆರೆಯುತ್ತಿದ್ದ. "ಕಣ್ಣು ಬಿಟ್ಟು ನೋಡೋ" ಅಂತ ನಾನೇ ಬೈದಿದ್ದೆ.

ಆಗ ಮೇಷ್ಟ್ರು ಹೇಳಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲನೆಯ ಬ್ರೌಸರನ್ನು 1990ರಲ್ಲಿ ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಎಂಬುವರು ತಯಾರಿಸಿದರು. ಆಮೇಲೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮೊಸಾಯಿಕ್ ಎಂಬ ಬ್ರೌಸರ್ ಹುಟ್ಟಿತು. 1993ರ ಏಪ್ರಿಲ್‌ನಲ್ಲಿ ಬಂದ ಅದರ ಆವೃತ್ತಿಯಲ್ಲಿ ನೋಡದ ಕೊಂಡಿಗೆ ನೀಲಿ ಬಣ್ಣ ಮತ್ತು ಪೂರ್ತಿ ಗೆರೆ ಇತ್ತು. ನೋಡಿದ ಕೊಂಡಿಗೆ ಕಡು ನೇರಳೆ ಬಣ್ಣ ಮತ್ತು ತುಂಡು ತುಂಡು ಗೆರೆ ಇತ್ತು. ನೀಲಿ, ನೇರಳೆ ಇವತ್ತಿಗೂ ಉಳಿದಿವೆ. ತುಂಡು ಗೆರೆ ಉಳಿಯಲಿಲ್ಲ.

ಇನ್ನು ನಮ್ಮ ಒಗಟುಗಳಿಗೆ ಉತ್ತರ:

1. ಎಕ್ಸ್‌ಪ್ಲೋರರ್‌ನಲ್ಲಿ ಗೆರೆಯನ್ನು ಯಾವಾಗಲೂ ತೋರಿಸು, ಮೌಸ್ ಇಟ್ಟಾಗ ತೋರಿಸು, ಎಂದೂ ಬೇಡ ಎಂಬ ಮೂರು ಆಯ್ಕೆಗಳಿವೆ. ಯಾರೋ "ಎಂದೂ ಬೇಡ" ಅಂತ ಒತ್ತಿಬಿಟ್ಟಿದ್ದರು.

2. ನಾವು ನೋಡಿದ ಪುಟಗಳ ಲೆಕ್ಕವನ್ನು ಪ್ರತಿ ಬ್ರೌಸರ್ ತನ್ನದೇ ಪಟ್ಟಿಯಲ್ಲಿ ಇಡುತ್ತೆ. ಇದರ ಪಟ್ಟಿ ಅದಕ್ಕೆ ಗೊತ್ತಿಲ್ಲ.

3. ಎಕ್ಸ್‌ಪ್ಲೋರರ್ ಆ ಪಟ್ಟಿಯನ್ನು ನಾವು ಬದಲಿಸದಿದ್ದರೆ 20 ದಿನ ಮಾತ್ರ ಇಡುತ್ತೆ. ಆಮೇಲೆ ಅಳಿಸುತ್ತೆ. ಆಗ ಕೊಂಡಿ ಮತ್ತೆ ನೀಲಿಯಾಗುತ್ತೆ.

ನನ್ನ ಗೆಳೆಯನ ಒಗಟು ಬೇರೆ. ನೀಲಿಗೆ ಕೆಂಪು ಬೆರೆತರೆ ನೇರಳೆ. ಕೆಲವರ ಕಣ್ಣಿಗೆ ಹುಟ್ಟಿನಿಂದಲೇ ಕೆಂಪು, ಹಸಿರು ಸರಿಯಾಗಿ ಗೊತ್ತಾಗುವುದಿಲ್ಲ. ಇದಕ್ಕೆ ವರ್ಣಾಂಧತೆ ಎನ್ನುತ್ತಾರೆ. ಅಂಥವರಿಗೆ ನೇರಳೆಯೂ ನೀಲಿಯಂತೆಯೇ ಕಾಣಬಹುದು. ಹೊಲದಲ್ಲಿ ಮೆಣಸಿನಹಣ್ಣು ಬಿಡಿಸುವಾಗ ಅವನು ಹಸಿಕಾಯಿಯನ್ನೂ ಕೀಳುತ್ತಿದ್ದುದು ಯಾಕೆ ಅಂತ ಆಗ ನನಗೆ ತಿಳಿಯಿತು. ಅವನ ಅಪ್ಪನಿಗೆ ಹೇಳಿ ಕಣ್ಣಿನ ಡಾಕ್ಟರ ಹತ್ತಿರ ತೋರಿಸಲು ಮೇಷ್ಟ್ರು ತಿಳಿಸಿದರು.

ಮೇಷ್ಟ್ರು ಪುಟದಲ್ಲಿ ಒಂದು ಸಾಲು ಸೇರಿಸಿದರು. ಈಗ ನೋಡಿದ ಕೊಂಡಿ ಕಪ್ಪಗಾಗುತ್ತೆ. ತಿಳಿ ನೀಲಿಗೂ ಕಪ್ಪಿಗೂ ಇರುವ ವ್ಯತ್ಯಾಸ ಅವನಿಗೂ ಕಾಣುತ್ತೆ. ಆದರೆ ಕಪ್ಪಾದರೆ ಮಾಮೂಲಿ ಅಕ್ಷರದ ಜೊತೆ ಸೇರಿಹೋಗುತ್ತಲ್ಲ? ಅದಕ್ಕೇ ಅಡಿಗೆರೆ ಬೇಕು! ಹಳೆಯ ಕಂಪ್ಯೂಟರಿನಲ್ಲೂ "ಯಾವಾಗಲೂ" ಎಂಬುದನ್ನು ಒತ್ತಿ ಗೆರೆ ತರಿಸಿದೆವು.

ಆದ್ದರಿಂದ ಗೆಳೆಯರೇ, ಚಾರ್ಟ್ ಬರೆಯುವಾಗ, ನಕ್ಷೆ ತುಂಬುವಾಗ ಬರೀ ಬಣ್ಣವನ್ನೇ ನಂಬಬೇಡಿ. ಜೊತೆಗೆ ಗೆರೆಯನ್ನೋ ಚುಕ್ಕಿಯನ್ನೋ ಹಾಕಿ. ನನ್ನ ಗೆಳೆಯನಿಗೆ ನಾನು ತಪ್ಪಾಯ್ತು ಎಂದೆ. ಅವನು "ಹೋಗ್ಲಿ ಬಿಡೋ, ಮುಂದಿನ ಪಾಠ ಒತ್ತು" ಅಂದ.

ಇಂತಿ,
7ನೇ ತರಗತಿ ವಿದ್ಯಾರ್ಥಿ